ಬ್ರೇಡೆಡ್ ಬ್ರೇಕ್ ಲೈನ್: ಹೊಳಪಿಗೆ ದುಡ್ಡು ಕೊಡುವ ಮೊದಲು ತುದಿ ನೋಡಿ

ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹೆಣೆದ (ಬ್ರೇಡೆಡ್) ಬ್ರೇಕ್ ಹೋಸ್, ಅಂದರೆ ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ಬಾಗುವ ನಳಿಕೆ, ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆ ಎಂದು ಮಾರುವವರು ಹೇಳುತ್ತಾರೆ. ಹಾಗೇನೂ ಇಲ್ಲ. ಕಾರು ಎಷ್ಟು ದೂರಕ್ಕೆ ನಿಲ್ಲುತ್ತದೆ ಅನ್ನುವುದು ಟೈರಿಗೂ ರಸ್ತೆಗೂ ಇರುವ ಹಿಡಿತದ ಮಾತು. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಟಕಟ ಅನ್ನಲು ಶುರುಮಾಡಿತೆಂದರೆ ಬ್ರೇಕಿನ ಒತ್ತಡ ಆಗಲೇ ಸಾಕಷ್ಟಾಗಿದೆ, ಇನ್ನು ಹೋಸ್ ಬದಲಿಸಿ ಗಿಟ್ಟುವುದು ಏನೂ ಇಲ್ಲ. ಈ ಹೋಸ್‌ನಿಂದ ನಿಜವಾಗಿ ಸಿಗುವ ಲಾಭ ಎರಡು. ಪೆಡಲ್ ತುಸು ಗಟ್ಟಿಯಾಗುತ್ತದೆ, ಕಾಲಿನ ಒತ್ತಡಕ್ಕೆ ತಕ್ಕ ಹಾಗೆ ಬ್ರೇಕ್ ಮಾತು ಕೇಳುತ್ತದೆ. ಕಲ್ಲು, ಕೊಂಬೆ, ಮುರಿದ ತಗಡು ಬಡಿದರೆ ರಬ್ಬರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಇವೆರಡು ಬೇಕು ಅನ್ನುವವರಿಗೆ ಒಳ್ಳೆಯ ಕಿಟ್ ತಕ್ಕ ಖರೀದಿಯೇ. ಕೆಟ್ಟ ಕಿಟ್ ಹಾಕಿಸುವುದಕ್ಕಿಂತ ಇದ್ದ ರಬ್ಬರ್ ಹೋಸ್ ಬಿಚ್ಚದೆ ಬಿಡುವುದು ಲೇಸು.

ಇಲ್ಲಿ ಹೇಳುವುದೆಲ್ಲ ಸ್ವಿಫ್ಟ್, ಪೋಲೊ ಥರದ ದಿನಬಳಕೆಯ ಕಾರುಗಳಿಗೆ ಬರುವ ಕಿಟ್‌ಗಳ ಬಗ್ಗೆ. ರೇಸ್ ಕಾರಿನ ಲೆಕ್ಕವೇ ಬೇರೆ. ಅಲ್ಲಿ ಪ್ರತಿ ಓಟದ ನಂತರ ಮೆಕ್ಯಾನಿಕ್ ಕಾರಿನ ಅಡಿಗೆ ಇಳಿಯುತ್ತಾನೆ, ನಮ್ಮ ಕಾರಿನ ಅಡಿಗೆ ವರ್ಷಕ್ಕೊಮ್ಮೆ ಇಳಿದರೆ ಹೆಚ್ಚು.

ಒಳಗೆ ಏನಿದೆ

ಮೂರು ಪದರ. ನಡುವಿನಲ್ಲಿ ಟೆಫ್ಲಾನ್ ನಳಿಕೆ, ದೋಸೆ ತವಾಕ್ಕೆ ಬಳಿಯುತ್ತಾರಲ್ಲ ಅದೇ ವಸ್ತು. ಅದರ ಒಳವ್ಯಾಸ ಸುಮಾರು 3.2 ಮಿ.ಮೀ. ಅದರ ಮೇಲೆ ಸ್ಟೇನ್‌ಲೆಸ್ ಎಳೆಗಳ ಹೆಣಿಗೆ, ಸಾಮಾನ್ಯವಾಗಿ 304 ದರ್ಜೆಯದು. ಹೊರಗೆ ಪಿವಿಸಿ ಅಥವಾ ಪಾಲಿಯುರೆಥೇನ್ ಹೊದಿಕೆ. ಒತ್ತಡಕ್ಕೆ ಉಬ್ಬದಂತೆ ಹಿಡಿದಿಡುವುದು ಹೆಣಿಗೆ. ಆಯಿಲ್ ಸೋರದಂತೆ ತಡೆಯುವುದು ಟೆಫ್ಲಾನ್. ಹೆಣಿಗೆ ಎಷ್ಟೇ ಹೊಳೆದರೂ ಅದು ಜರಡಿ, ಅದರಲ್ಲಿ ಆಯಿಲ್ ನಿಲ್ಲುವುದಿಲ್ಲ. ಇದು ನೆನಪಿನಲ್ಲಿದ್ದರೆ ಮುಂದೆ ಬರುವ ತಪಾಸಣೆಯ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಕಂಪನಿಯಿಂದ ಬರುವ ರಬ್ಬರ್ ಹೋಸ್‌ನ ಒಳವ್ಯಾಸವೂ ಹೆಚ್ಚುಕಡಿಮೆ ಅಷ್ಟೇ, ಹೊರವ್ಯಾಸ ಮಾತ್ರ ಸುಮಾರು 10.5 ಮಿ.ಮೀ. ಹೊದಿಕೆ ಸೇರಿ ಬ್ರೇಡೆಡ್ ಹೋಸ್ 7.5 ಮಿ.ಮೀ. ಆಸುಪಾಸು ಇರುತ್ತದೆ. ಅಂಗಡಿಯಲ್ಲಿ ಮೊದಲ ಜರಡಿ ಇಲ್ಲಿಂದಲೇ ಶುರು. ಬೆರಳಿನಷ್ಟು ದಪ್ಪಗಿದ್ದು, ಬಗ್ಗಿಸಿದರೆ ಮೆತ್ತಗೆ ಬಾಗಿ ಹಾಗೇ ನಿಂತರೆ ಅದು ಮಾಮೂಲಿ ರಬ್ಬರ್ ಹೋಸ್ ಮೇಲೆ ಜಾಲರಿಯ ಅಂಗಿ ತೊಡಿಸಿದ್ದು. ಟೆಫ್ಲಾನ್ ಇರುವ ಹೋಸ್ ಬಿಗಿಯಾಗಿರುತ್ತದೆ, ಬಿಟ್ಟ ಕೂಡಲೇ ಸ್ಪ್ರಿಂಗಿನಂತೆ ನೆಟ್ಟಗಾಗುತ್ತದೆ.

ಪೆಡಲ್ ಎಷ್ಟು ಗಟ್ಟಿಯಾಗುತ್ತದೆ

ಇದಕ್ಕೆ ಲೆಕ್ಕವಿದೆ. ಅಮೆರಿಕದ ಬ್ರೇಕ್ ಹೋಸ್ ಕಾನೂನು ಎಫ್‌ಎಂವಿಎಸ್‌ಎಸ್ 106 ಹೋಸ್‌ಗಳನ್ನು ಎರಡು ಜಾತಿ ಮಾಡುತ್ತದೆ. ಎಚ್‌ಆರ್ ಅಂದರೆ ಮಾಮೂಲಿ ಉಬ್ಬುವಿಕೆ, ಎಚ್‌ಎಲ್ ಅಂದರೆ ಕಡಿಮೆ ಉಬ್ಬುವಿಕೆ. 3 ಮಿ.ಮೀ. ದರ್ಜೆಯ ಎಚ್‌ಆರ್ ಹೋಸ್ 1000 ಪಿಎಸ್‌ಐ ಒತ್ತಡದಲ್ಲಿ ಅಡಿಗೆ 0.66 ಸಿ.ಸಿ. ತನಕ ಉಬ್ಬಬಹುದು, ಎಚ್‌ಎಲ್ 0.33 ಸಿ.ಸಿ. ದಾಟಬಾರದು. ನಾಲ್ಕು ಹೋಸ್ ಸೇರಿ ಐದು ಅಡಿ ಎಂದುಕೊಂಡರೆ ಎರಡರ ಗರಿಷ್ಠ ಮಿತಿಗಳ ನಡುವಿನ ವ್ಯತ್ಯಾಸ 1.65 ಸಿ.ಸಿ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಬೋರ್ (ಒಳವ್ಯಾಸ) 20.6 ಮಿ.ಮೀ. ಇದ್ದರೆ ಇದು ಪಿಸ್ಟನ್‌ನ ಸುಮಾರು 5 ಮಿ.ಮೀ. ಓಟ, ಪೆಡಲ್ ಅನುಪಾತ ನಾಲ್ಕು ಎಂದರೆ ಕಾಲಿನ ಕೆಳಗೆ 20 ಮಿ.ಮೀ.

ಕೇಳಲು ದೊಡ್ಡದು. ಆದರೆ ಇದು ಅತಿ ಸಡಿಲ ರಬ್ಬರ್‌ಗೂ ಎಚ್‌ಎಲ್ ಮಿತಿಗೂ ಇರುವ ಅಂತರ. ಕಾರಿನ ಜೊತೆ ಬಂದ ರಬ್ಬರ್ ಹೋಸ್ ಒರೆಸಿ ಓದಿ ನೋಡಿ, ಅದರ ಮೇಲೇ ಎಚ್‌ಎಲ್ ಎಂದು ಅಚ್ಚಾಗಿರುವುದು ಈಗ ಅಪರೂಪವಲ್ಲ. ಹಾಗಿದ್ದರೆ ಬ್ರೇಡೆಡ್ ಹಾಕಿಸಿ ಸಿಗುವ ಲಾಭ ಕೆಲವೇ ಮಿಲಿಮೀಟರ್. ಹತ್ತು ವರ್ಷದ ಹೋಸ್ ತೆಗೆದು ಬ್ರೇಡೆಡ್ ಹಾಕಿಸಿ "ಆಹಾ, ಕಾರೇ ಬೇರೆ ಆಯ್ತು" ಅನ್ನುವವರು ಬಹಳ ಮಂದಿ. ಆ ಬದಲಾವಣೆಯಲ್ಲಿ ಹೊಸ ಬ್ರೇಕ್ ಆಯಿಲ್‌ನದು ಮತ್ತು ಸರಿಯಾಗಿ ಗಾಳಿ ತೆಗೆದದ್ದರದು ದೊಡ್ಡ ಪಾಲು. ಹೊಸ ಒರಿಜಿನಲ್ ರಬ್ಬರ್ ಹಾಕಿ ಆಯಿಲ್ ಬದಲಿಸಿದ್ದರೂ ಅರ್ಧಕ್ಕಿಂತ ಹೆಚ್ಚು ಆನಂದ ಸಿಗುತ್ತಿತ್ತು.

ಹಾಗಾಗಿ ಪೆಡಲ್ ಸ್ಪಾಂಜಿನಂತಿದೆ ಎಂದು ಕಿಟ್ ಹುಡುಕುತ್ತಿರುವವರು ಮೊದಲು ಬೇರೆ ಕಾರಣ ನೋಡಬೇಕು: ಸಿಸ್ಟಮ್‌ನಲ್ಲಿ ಗಾಳಿ, ಹಿಂದಿನ ಡ್ರಮ್‌ನ ಅಡ್ಜಸ್ಟರ್ ಕೆಲಸ ಮಾಡದೆ ಶೂ ದೂರ ನಿಂತಿರುವುದು, ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ನ ಸ್ಲೈಡ್ ಪಿನ್ ಒಣಗಿ ಕಚ್ಚಿರುವುದು. ಚಾರ್ಮಾಡಿ, ಆಗುಂಬೆ ಇಳಿಯುವಾಗ ಅರ್ಧ ದಾರಿಯಲ್ಲಿ ಪೆಡಲ್ ಕೆಳಗಿಳಿಯುವುದು ಹೋಸ್‌ನ ತಪ್ಪಲ್ಲ, ಆಯಿಲ್ ಕುದಿಯುತ್ತಿದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು, ನೀರು ಹೀರಿದ ಮೇಲೆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿ 230 ಮತ್ತು 155. ಕೆಳಗಿನ ಗೇರ್‌ನಲ್ಲಿ ಇಳಿಯುವುದೇ ಇದಕ್ಕೆ ಮದ್ದು, ಜಾಲರಿ ಅಲ್ಲ.

ಹೋಸ್‌ನದೇ ತೊಂದರೆ ಎಂದು ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ರಬ್ಬರ್ ಹೋಸ್ ಒಳಗೇ ಊದಿಕೊಂಡರೆ ಆಯಿಲ್ ಒತ್ತಡದಿಂದ ಒಳಹೋಗುತ್ತದೆ, ಹಿಂದೆ ಬರುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಕಾರು ಒಂದು ಬದಿಗೆ ಎಳೆಯುತ್ತದೆ, ಒಂದು ಚಕ್ರದ ಡಿಸ್ಕ್ ಮಾತ್ರ ಕಾಯುತ್ತದೆ. ಜಾಕ್ ಹಾಕಿ, ಬ್ರೇಕ್ ಒತ್ತಿ ಬಿಟ್ಟು, ಚಕ್ರ ತಿರುಗಿಸಿ. ತಿರುಗದಿದ್ದರೆ ಬಾಡಿಯ ಕಡೆ ಉಕ್ಕಿನ ಪೈಪಿನ ನಟ್ ಚೂರು ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತೊಂದರೆ ಮಾಸ್ಟರ್ ಸಿಲಿಂಡರ್ ಕಡೆಯದು. ಆಗಲೂ ಬಿಡದೆ, ಕ್ಯಾಲಿಪರ್‌ನಲ್ಲಿ ಗಾಳಿ ತೆಗೆಯುವ ಬ್ಲೀಡ್ ನಿಪ್ಪಲ್ ಸಡಿಲಿಸಿದಾಗ ಬಿಟ್ಟುಕೊಂಡರೆ ಹೋಸ್ ಕಟ್ಟಿಕೊಂಡಿದೆ. ಎರಡಕ್ಕೂ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್ ಕಚ್ಚಿದೆ, ಹೋಸ್‌ಗೆ ದುಡ್ಡು ಸುರಿಯುವುದು ವ್ಯರ್ಥ. ಹೋಸ್ ಹೀಗೆ ಊದಲು ವಯಸ್ಸು ಒಂದು ಕಾರಣ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಬ್ರೇಕ್ ತೊಳೆಯುವ ನಮ್ಮ ಗ್ಯಾರೇಜ್ ಪದ್ಧತಿ ಇನ್ನೊಂದು. ಬ್ರೇಕಿನಲ್ಲಿ ಬಳಸುವ ಇಪಿಡಿಎಂ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ವಿಷ.

ಅಚ್ಚು ಓದುವುದು

ಒಳ್ಳೆಯ ಹೋಸ್ ತನ್ನ ಜಾತಕವನ್ನು ತಾನೇ ಹೇಳುತ್ತದೆ. ಅಮೆರಿಕದ ನಿಯಮದ ಪ್ರಕಾರ ಹೋಸ್ ಮೇಲೆ ಡಾಟ್ (ಅಲ್ಲಿನ ಸಾರಿಗೆ ಇಲಾಖೆಯ ಹ್ರಸ್ವ ಹೆಸರು) ಎಂಬ ಅಕ್ಷರ, ತಯಾರಕರ ಗುರುತು, ತಯಾರಾದ ದಿನಾಂಕ, ಒಳವ್ಯಾಸ ಮತ್ತು ಎಚ್‌ಆರ್ ಅಥವಾ ಎಚ್‌ಎಲ್ ಇರಬೇಕು. ತುದಿ ಕೂಡಿಸಿದ ಮೇಲೆ ಜೋಡಣೆ ಮಾಡಿದವರ ಗುರುತು ಒಂದು ಪಟ್ಟಿಯಲ್ಲೋ ಫಿಟ್ಟಿಂಗ್ ಮೇಲೆ ಕೊರೆದೋ ಇರುತ್ತದೆ. ಭಾರತದ ಮಾನಕ ಐಎಸ್ 7079. ಜರ್ಮನಿಯಲ್ಲಿ ಮಾರುವ ಕಿಟ್‌ಗಳ ಜೊತೆ ಯಾವ ಕಾರಿಗೆ ಸಲ್ಲುತ್ತದೆ ಎಂದು ಬರೆದ ಅನುಮತಿ ಪತ್ರ ಬರುತ್ತದೆ, ಇದ್ದರೆ ಒಳ್ಳೆಯ ಲಕ್ಷಣ.

ಒಂದು ತಪ್ಪು ಕಲ್ಪನೆ ಎಲ್ಲೆಡೆ ಹಬ್ಬಿದೆ. "ಡಾಟ್ ಅಪ್ರೂವ್ಡ್" ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಅಮೆರಿಕದ ಸರ್ಕಾರ ಯಾವ ಹೋಸನ್ನೂ ಪರೀಕ್ಷಿಸಿ ಅನುಮತಿ ಕೊಡುವುದಿಲ್ಲ. ತನ್ನ ಮಾಲು ನಿಯಮಕ್ಕೆ ತಕ್ಕಂತಿದೆ ಎಂದು ತಯಾರಕನೇ ಪ್ರಮಾಣ ಮಾಡುತ್ತಾನೆ, ಸುಳ್ಳಾದರೆ ಹೊಣೆ ಅವನದು. ಆದ್ದರಿಂದ ಡಾಟ್ ಮುದ್ರೆಗೆ ಬೆಲೆ ಬರುವುದು ಅದರ ಪಕ್ಕದಲ್ಲಿ ಹುಡುಕಿ ಹಿಡಿಯಬಲ್ಲ ತಯಾರಕನ ಹೆಸರಿದ್ದಾಗ ಮಾತ್ರ. ಹೆಸರಿಲ್ಲದ ಡಾಟ್ ಬರೀ ಮೂರು ಅಕ್ಷರ.

ಆ ನಿಯಮದ ಪರೀಕ್ಷೆಗಳು ಕಠಿಣ. 4000 ಪಿಎಸ್‌ಐ ಒತ್ತಡವನ್ನು ಎರಡು ನಿಮಿಷ ತಾಳಬೇಕು, ಆಮೇಲೆ ಈ ಅಳತೆಯ ಹೋಸ್ 7000 ಪಿಎಸ್‌ಐ ತನಕ ಒಡೆಯಬಾರದು. ಗಾಬರಿಯಲ್ಲಿ ಬ್ರೇಕ್ ತುಳಿದಾಗಲೂ ಕಾರಿನಲ್ಲಿ ಹುಟ್ಟುವ ಒತ್ತಡ ಸಾಮಾನ್ಯವಾಗಿ 1000ದಿಂದ 1500 ಪಿಎಸ್‌ಐ. ಅಂದರೆ ಒತ್ತಡದಿಂದ ಹೋಸ್ ಒಡೆಯುವುದು ದೊಡ್ಡ ಭಯವಲ್ಲ. ಬ್ರೇಡೆಡ್ ಹೋಸ್‌ಗೆ ಕಷ್ಟವಾಗುವುದು ಇನ್ನೊಂದು ಪರೀಕ್ಷೆ: ಒತ್ತಡ ತುಂಬಿದ ಹೋಸನ್ನು 35 ಗಂಟೆ ಎಡೆಬಿಡದೆ ಕುಲುಕುವುದು. ರಬ್ಬರ್ ಬಾಗುತ್ತ ಬಾಗುತ್ತ ತಾಳಿಕೊಳ್ಳುತ್ತದೆ. ಬಿಗಿಯಾದ ಟೆಫ್ಲಾನ್, ಉಕ್ಕಿನ ಎಳೆ ಎರಡೂ ಒಂದೇ ಜಾಗದಲ್ಲಿ ದಣಿಯುತ್ತವೆ, ತುದಿಯ ಲೋಹದ ಬಳೆ ಅಂದರೆ ಕಾಲರ್‌ನಿಂದ ಹೋಸ್ ಹೊರಬರುವ ಮೊದಲ ಒಂದು ಸೆಂಟಿಮೀಟರ್‌ನಲ್ಲಿ. ಸ್ಟೀರಿಂಗ್ ತಿರುಗಿದಾಗಲೆಲ್ಲ, ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಹೋಸ್ ಬಾಗುವುದು ಅಲ್ಲೇ. ಹಾಗಾಗಿ ಕಾಲರ್ ಪಕ್ಕದಲ್ಲಿ ಬಾಗುವಿಕೆಯನ್ನು ಹಂಚುವ ಪ್ಲಾಸ್ಟಿಕ್ ತೋಳು ಅಥವಾ ಸ್ಪ್ರಿಂಗ್ ಇರುವ ಕಿಟ್‌ಗೆ ಹತ್ತು ಅಂಕ ಹೆಚ್ಚು ಕೊಡಿ.

ತುದಿಗಳು

ಕಿಟ್ ಒಳ್ಳೆಯದೋ ಕೆಟ್ಟದ್ದೋ ತೀರ್ಮಾನವಾಗುವುದು ಇಲ್ಲಿ. ಕಾಲರನ್ನು ಕಾರ್ಖಾನೆಯಲ್ಲಿ ಯಂತ್ರದಿಂದ ಅದುಮಿ ಕೂಡಿಸಿರಬೇಕು. ರಸ್ತೆಯ ಕಾರಿನ ಹೋಸ್‌ಗೆ ಫಿಟ್ಟಿಂಗ್ ಹೀಗೆ ಶಾಶ್ವತವಾಗಿಯೇ ಕೂಡಿರಬೇಕು ಎಂದು ಎಫ್‌ಎಂವಿಎಸ್‌ಎಸ್ 106 ಹೇಳುತ್ತದೆ. ಸ್ಪ್ಯಾನರ್‌ನಲ್ಲಿ ಬಿಚ್ಚಿ ಮತ್ತೆ ಕೂಡಿಸಬಹುದಾದ, ಒಳಗೆ ಹಿತ್ತಾಳೆಯ ಆಲಿವ್ (ಪುಟ್ಟ ಬಳೆ) ಇರುವ ಫಿಟ್ಟಿಂಗ್ ರೇಸ್ ಗ್ಯಾರೇಜ್‌ಗೆ ಸರಿ, ಆಫೀಸಿಗೆ ಹೋಗುವ ಕಾರಿಗೆ ಬೇಡ. "ಉದ್ದ ಹೇಳಿ ಸಾರ್, ಇಲ್ಲೇ ಮಾಡಿಕೊಡ್ತೀವಿ" ಅನ್ನುವ ಹೈಡ್ರಾಲಿಕ್ ಹೋಸ್ ಅಂಗಡಿಯದ್ದೂ ಬೇಡ. ಜೆಸಿಬಿ ಹೋಸ್ ಅದುಮುವ ಅಚ್ಚು ಇಷ್ಟು ಸಣ್ಣ ಟೆಫ್ಲಾನ್‌ಗೆ ಹೊಂದುವುದಿಲ್ಲ; ಹೊಂದಿದರೂ ಅದನ್ನು ಪರೀಕ್ಷಿಸುವವರಿಲ್ಲ.

ಕಾಲರ್ ಮೇಲಿನ ಅದುಮಿದ ಗುರುತುಗಳು ಸುತ್ತಲೂ ಒಂದೇ ಆಳದಲ್ಲಿ, ನೇರವಾಗಿ ಇರಬೇಕು. ಒಂದು ಕಡೆ ಆಳ, ಇನ್ನೊಂದು ಕಡೆ ತೇಲಿದ್ದರೆ ವಾಪಸ್ ಮಾಡಿ. ಹೆಣಿಗೆಯ ಎಳೆಗಳ ತುದಿ ಕಾಲರ್‌ನಿಂದ ಹೊರಗೆ ಮೀಸೆ ಬಿಟ್ಟಿರಬಾರದು. ಫಿಟ್ಟಿಂಗ್‌ನ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ: ಲೇತ್‌ನ ಚೂರು, ಸಿಂಬೆ ಇದ್ದರೆ ಅದು ಕೊನೆಗೆ ಸೇರುವುದು ಕ್ಯಾಲಿಪರ್ ಸೀಲ್ ಅಥವಾ ಎಬಿಎಸ್ ವಾಲ್ವ್‌ಗೆ.

ಇನ್ನು ತ್ರೆಡ್. ಜಪಾನಿ, ಜರ್ಮನ್ ಮೂಲದ ಕಾರುಗಳಲ್ಲಿ ಬಹುಪಾಲು ಎಂ10×1.0, ಅಂದರೆ ವ್ಯಾಸ 10 ಮಿ.ಮೀ., ಪಿಚ್ (ಹಲ್ಲಿನಿಂದ ಹಲ್ಲಿಗೆ ಅಂತರ) 1 ಮಿ.ಮೀ. ಅಮೆರಿಕದ ಸಾಮಾನುಗಳಲ್ಲಿ ಹೆಚ್ಚುಕಡಿಮೆ ಅದರಂತೆಯೇ ಕಾಣುವ 3/8 ಇಂಚು-24 ತ್ರೆಡ್ ಬರುತ್ತದೆ. ಅದರ ವ್ಯಾಸ 9.5 ಮಿ.ಮೀ., ಪಿಚ್ 1.06. ಎಂ10 ತೂತಿಗೆ ಈ ಬೋಲ್ಟ್ ಸಲೀಸಾಗಿ ಹೋಗುತ್ತದೆ, ಕೈಯಲ್ಲಿ ತಿರುಗಿಸಿದರೆ ಕೂತಂತೆಯೂ ಅನ್ನಿಸುತ್ತದೆ. ಟೈಟ್ ಮಾಡುವಾಗ ಅಥವಾ ಮೊದಲ ಜೋರು ಬ್ರೇಕಿಗೆ ತ್ರೆಡ್ ಕಿತ್ತು ಬರುತ್ತದೆ, ಜೊತೆಗೆ ಕ್ಯಾಲಿಪರ್‌ನ ತ್ರೆಡ್ಡೂ ಹೋಗುತ್ತದೆ. ಎಂ10×1.25 ಇರುವ ಬೋಲ್ಟ್‌ಗಳೂ ಇವೆ. ಪಿಚ್ ಗೇಜ್ ಇಲ್ಲದಿದ್ದರೆ ಹಳೆಯ ಬೋಲ್ಟನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿಯಿರಿ, ಹಲ್ಲಿಗೆ ಹಲ್ಲು ಕೂಡಬೇಕು.

ತ್ರೆಡ್ ಸರಿಯಿದ್ದರೂ ಸೀಟ್ (ಪೈಪಿನ ಬಾಯಿ ಕೂರುವ ಜಾಗ) ಬೇರೆಯಾಗಿದ್ದರೆ ಲೀಕ್ ತಪ್ಪದು. ಬಾಡಿಯ ಉಕ್ಕಿನ ಪೈಪಿನ ಬಾಯಿ ಜಪಾನಿ ಕಾರುಗಳಲ್ಲಿ ಒಳಮುಖವಾಗಿ ಎರಡು ಮಡಿಕೆಯಾಗಿರುತ್ತದೆ, ಡಬಲ್ ಫ್ಲೇರ್. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಅಣಬೆಯ ತಲೆಯಂತೆ ಉಬ್ಬಿದ ಬಬಲ್ ಫ್ಲೇರ್. ಹೋಸ್‌ನ ಹೆಣ್ಣು ತುದಿಯೊಳಗೆ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ: ತಳದಲ್ಲಿ ಪುಟ್ಟ ಗೋಪುರ ಎದ್ದಿದ್ದರೆ ಡಬಲ್ ಫ್ಲೇರ್‌ಗೆ, ಆಲಿಕೆಯಂತೆ ತಗ್ಗಿದ್ದರೆ ಬಬಲ್‌ಗೆ. ರೇಸ್ ಸಾಮಾನಿನ ಎಎನ್ ಫಿಟ್ಟಿಂಗ್ ಮೂರನೆಯ ಜಾತಿ, 37 ಡಿಗ್ರಿಯದು. 45 ಡಿಗ್ರಿಯ ಫ್ಲೇರ್ ಮೇಲೆ ಅದು ಕೂರುವುದಿಲ್ಲ. ಕೂರದ್ದನ್ನು ಟೆಫ್ಲಾನ್ ಟೇಪ್ ಸುತ್ತಿ ಕೂರಿಸುವವರಿದ್ದಾರೆ. ಬ್ರೇಕ್ ಜೋಡಣೆಯಲ್ಲಿ ಸೀಲ್ ಆಗುವುದು ಲೋಹದ ಮೇಲೆ ಲೋಹ ಅಥವಾ ತಾಮ್ರದ ವಾಷರ್ ಮೇಲೆ, ತ್ರೆಡ್ ಮೇಲಲ್ಲ. ಟೇಪ್ ಸುತ್ತಿದರೆ ಲೀಕ್ ನಿಲ್ಲುವುದಿಲ್ಲ, ಚೂರು ಕಿತ್ತು ಒಳಗೆ ಸೇರುವುದಷ್ಟೇ.

ಕ್ಯಾಲಿಪರ್ ಕಡೆ ಬ್ಯಾಂಜೊ (ನಡುವೆ ಟೊಳ್ಳು ಬೋಲ್ಟ್ ತೂರುವ ಬಳೆಯಂಥ ತುದಿ) ಇದ್ದರೆ ಅದರ ಕೋನ ಹಳೆಯದರಷ್ಟೇ ಇರಬೇಕು. ಕಂಪನಿಯ ಬ್ಯಾಂಜೊಗೆ ಸಾಮಾನ್ಯವಾಗಿ ಒಂದು ಮೂಗು ಇರುತ್ತದೆ, ಅದು ಕ್ಯಾಲಿಪರ್‌ನ ಕುಳಿಗೆ ಸಿಕ್ಕಿ ತಿರುಗದಂತೆ ತಡೆಯುತ್ತದೆ. ಕಿಟ್‌ಗಳಲ್ಲಿ ಹಲವು ಬಾರಿ ಈ ಮೂಗು ಇರುವುದಿಲ್ಲ, ಟೈಟ್ ಮಾಡುವಾಗ ಕೋನವನ್ನು ಕೈಯಲ್ಲೇ ಹಿಡಿಯಬೇಕು. ಮಧ್ಯದಲ್ಲಿ ಸಸ್ಪೆನ್ಷನ್‌ನ ಸ್ಟ್ರಟ್‌ಗೆ ಕೂರುವ ಬ್ರಾಕೆಟ್ ಅಥವಾ ರಬ್ಬರ್ ಬುಷ್ ಹಳೆಯ ಹೋಸ್‌ನಲ್ಲಿ ಇದ್ದ ಜಾಗದಲ್ಲೇ ಹೊಸದರಲ್ಲೂ ಇದೆಯೇ ನೋಡಿ. ಇಲ್ಲದ ಕಿಟ್ ಕೊಂಡು ಕೇಬಲ್ ಟೈ ಕಟ್ಟಿ ಸುಧಾರಿಸುವುದು ಕೆಲಸವಲ್ಲ.

ಫಿಟ್ಟಿಂಗ್ ಯಾವ ಲೋಹದ್ದು? ಗುಡ್‌ರಿಜ್‌ನ ಕಾರ್ ಕಿಟ್‌ಗಳು ಸತುವಿನ ಲೇಪದ ಉಕ್ಕಿನಲ್ಲೂ ಸ್ಟೇನ್‌ಲೆಸ್‌ನಲ್ಲೂ ಸಿಗುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಸ್ಟೇನ್‌ಲೆಸ್‌ಗೇ ಹೋಗಬೇಕು. ಉಪ್ಪು ಗಾಳಿಗೆ ಸತು ಬಿಳಿ ಪುಡಿಯಾಗಿ ಉದುರಿ, ಹಿಂದೆಯೇ ಕೆಂಪು ತುಕ್ಕು ಬರುತ್ತದೆ. ತುಮಕೂರು, ದಾವಣಗೆರೆಯ ಒಣ ಹವೆಯಲ್ಲಿ ಸತುವೂ ಬಾಳುತ್ತದೆ. ಬೈಕಿನ ಕಿಟ್‌ಗಳಲ್ಲಿ ಬರುವ ಬಣ್ಣಬಣ್ಣದ ಅಲ್ಯುಮಿನಿಯಂ ಬ್ಯಾಂಜೊ ಕಾರಿಗೆ ಬೇಡವೇ ಬೇಡ.

ಹೊರ ಹೊದಿಕೆ ಕಡ್ಡಾಯ, ಅದೂ ಪಾರದರ್ಶಕವಾಗಿದ್ದರೆ ಮೇಲು. ಹೊದಿಕೆ ಇಲ್ಲದ ಹೆಣಿಗೆಯೊಳಗೆ ಮಲೆನಾಡಿನ ಕೆಂಪು ಕೆಸರಿನ ಮರಳು ನುಸುಳಿ ಟೆಫ್ಲಾನನ್ನು ಅರದಂತೆ ಉಜ್ಜುತ್ತದೆ. ಅದೇ ಹೆಣಿಗೆ ಹೊರಗೆ ತಾಗಿದ್ದನ್ನೂ ಗರಗಸದಂತೆ ಕೊಯ್ಯುತ್ತದೆ, ಮೊದಲ ಬಲಿ ಪಕ್ಕದಲ್ಲೇ ಇರುವ ಎಬಿಎಸ್ ಸೆನ್ಸರ್ ವೈರ್. ಕಪ್ಪು, ಕೆಂಪು ಹೊದಿಕೆ ಚಂದ, ಆದರೆ ಒಳಗಿನ ಎಳೆ ತುಂಡಾದದ್ದು ಕಾಣುವುದಿಲ್ಲ.

ಬ್ರಾಂಡ್‌ಗಳಲ್ಲಿ ಗುಡ್‌ರಿಜ್, ಹೆಲ್, ಸ್ಟಾಪ್‌ಟೆಕ್ ಇವುಗಳ ನಡುವೆ ಪೆಡಲ್‌ನಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ ಶ್ರಮ. ನಿಮ್ಮ ಕಾರಿನ ಮಾಡೆಲ್ ಮತ್ತು ವರ್ಷಕ್ಕೆಂದೇ ಪಾರ್ಟ್ ನಂಬರ್ ಇರುವ, ಬ್ರಾಕೆಟ್ ಸಮೇತ ಬರುವ ಕಿಟ್ ಯಾರದೋ ಅದೇ ಒಳ್ಳೆಯದು. "ಯೂನಿವರ್ಸಲ್" ಎಂದು ಬರೆದದ್ದನ್ನು ಅಲ್ಲೇ ಇಟ್ಟು ಬನ್ನಿ. ವಿದೇಶಿ ಕಿಟ್ ತರಿಸುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು: ಯುರೋಪಿನಲ್ಲಿ ಅದೇ ಹೆಸರಿನ ಕಾರಿಗೆ ಹಿಂದೆ ಡಿಸ್ಕ್, ಇಲ್ಲಿ ಡ್ರಮ್ ಇರಬಹುದು. ಆಗ ಹಿಂದಿನ ಜೋಡಿ ಹೋಸ್ ಹೊಂದುವುದಿಲ್ಲ. ನಿಮ್ಮ ಕಾರಿನಲ್ಲಿ ಮೆತ್ತನೆಯ ಹೋಸ್ ಎಷ್ಟಿವೆ ಎಂದು ಎಣಿಸಿಯೇ ಆರ್ಡರ್ ಮಾಡಿ. ನಾಲ್ಕು ಸಾಮಾನ್ಯ, ಆರು ಇರುವ ಕಾರುಗಳೂ ಇವೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೊಳ್ಳುವವರಿಗೆ ಒಂದು ಅನುಕೂಲ, ಹಳೆಯ ಹೋಸ್ ಕೈಯಲ್ಲೇ ಹಿಡಿದು ಹೋಗಿ ಉದ್ದ, ಕೋನ, ತ್ರೆಡ್ ಮೂರನ್ನೂ ಅಂಗಡಿಯ ಮೇಜಿನ ಮೇಲೇ ತಾಳೆ ನೋಡಬಹುದು. ಉದ್ದ 10 ಮಿ.ಮೀ. ಹೆಚ್ಚಿದ್ದರೆ ನಡೆಯುತ್ತದೆ, ಕಡಿಮೆ ಇದ್ದರೆ ನಡೆಯುವುದಿಲ್ಲ. ಸಸ್ಪೆನ್ಷನ್ ಎತ್ತರಿಸಿದ ಗಾಡಿಗೆ ಉದ್ದನೆಯ ಹೋಸೇ ಬೇಕು.

ಜೋಡಿಸುವಾಗ ಎಡವುವುದು ಎಲ್ಲಿ

ಮೊದಲ ಗಂಡಾಂತರ ಹಳೆಯ ಪೈಪಿನ ನಟ್. ಮಾರುತಿಯಲ್ಲಿ 10, ಫೋಕ್ಸ್‌ವ್ಯಾಗನ್‌ನಲ್ಲಿ 11 ನಂಬರ್ ಇರುತ್ತದೆ. ಮಾಮೂಲಿ ಡಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ನಟ್ ಉರುಟಾಗುತ್ತದೆ, ಆಮೇಲೆ ಉಕ್ಕಿನ ಪೈಪನ್ನೇ ಬದಲಿಸಬೇಕು. ಪೈಪ್ ತೂರುವಷ್ಟು ಸೀಳಿರುವ ಫ್ಲೇರ್ ನಟ್ ಸ್ಪ್ಯಾನರ್ ಇಲ್ಲದ ಗ್ಯಾರೇಜ್‌ಗೆ ಈ ಕೆಲಸ ಕೊಡಬೇಡಿ. ನಟ್ ಜೊತೆ ಪೈಪೂ ತಿರುಚಿಕೊಳ್ಳುತ್ತಿದ್ದರೆ ನಿಲ್ಲಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ.

ಬಿಚ್ಚುವ ಮೊದಲು ಪೆಡಲನ್ನು ಮೂರು ನಾಲ್ಕು ಸೆಂಟಿಮೀಟರ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಕೊಟ್ಟು ನಿಲ್ಲಿಸಿದರೆ ಮಾಸ್ಟರ್ ಸಿಲಿಂಡರ್‌ನ ಸಣ್ಣ ರಂಧ್ರ ಮುಚ್ಚಿಕೊಂಡು ಡಬ್ಬಿಯ ಆಯಿಲ್ ಸುರಿದು ಹೋಗುವುದಿಲ್ಲ. ಬ್ರೇಕ್ ಲೈಟ್ ಹತ್ತಿಕೊಂಡೇ ಇರುತ್ತದೆ, ಬ್ಯಾಟರಿ ಟರ್ಮಿನಲ್ ತೆಗೆದಿಡಿ. ಒಂದು ಚಕ್ರದ ಕೆಲಸ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಡಬ್ಬಿ ಖಾಲಿಯಾಗಿ ಎಬಿಎಸ್ ಘಟಕಕ್ಕೆ ಗಾಳಿ ಹೊಕ್ಕರೆ ಪೆಡಲ್ ತುಳಿದು ತೆಗೆಯುವುದು ಆಗದ ಮಾತು, ಸ್ಕ್ಯಾನರ್ ಹಾಕಿ ಪಂಪ್ ಓಡಿಸಬೇಕಾಗುತ್ತದೆ. ರಬ್ಬರ್ ಹೋಸನ್ನು ಕ್ಲ್ಯಾಂಪ್‌ನಿಂದ ಅದುಮಿ ಹಿಡಿಯುವ ಅಭ್ಯಾಸ ಇರುವವರು ಬ್ರೇಡೆಡ್ ಮೇಲೆ ಅದನ್ನು ಮಾಡಲೇಬಾರದು. ಟೆಫ್ಲಾನ್ ಒಮ್ಮೆ ಮಡಿಚಿತೆಂದರೆ ಹೊರಗಿನಿಂದ ನೆಟ್ಟಗಾದರೂ ಒಳಗೆ ಗೆರೆ ಉಳಿಯುತ್ತದೆ, ಆ ಹೋಸ್ ಕಸಕ್ಕೆ. ಎಲ್ಲಿಯೂ 40 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬೇಡಿ.

ಯಾವ ತುದಿ ಮೊದಲು ಅನ್ನುವುದೂ ಮುಖ್ಯ. ಹೋಸ್‌ನ ಗಂಡು ತ್ರೆಡ್ ನೇರವಾಗಿ ಕ್ಯಾಲಿಪರ್‌ಗೆ ಹೋಗುವ ಕಾರಾದರೆ ಆ ತುದಿಯನ್ನೇ ಮೊದಲು ಪೂರ್ತಿ ಟೈಟ್ ಮಾಡಬೇಕು, ಏಕೆಂದರೆ ಅಲ್ಲಿ ಇಡೀ ಹೋಸ್ ತಿರುಗುತ್ತದೆ. ಬ್ಯಾಂಜೊ ಇದ್ದರೆ ಬಾಡಿಯ ಕಡೆ ಸೇರಿಸಿ, ಬ್ರಾಕೆಟ್‌ಗೆ ಕೂರಿಸಿ, ಕೊನೆಗೆ ಬ್ಯಾಂಜೊ. ಹೋಸ್ ಮೇಲಿನ ಅಚ್ಚು ಅಥವಾ ಗೆರೆ ಒಂದೇ ಸಾಲಿನಲ್ಲಿ ಓಡಬೇಕು, ಹಾವಿನಂತೆ ಸುತ್ತಿದ್ದರೆ ಹೋಸ್ ತಿರುಚಿದೆ, ಬಿಚ್ಚಿ ಮತ್ತೆ ಹಾಕಿ.

ಬ್ಯಾಂಜೊದ ಎರಡೂ ಬದಿಗೆ ಒಂದೊಂದು ಹೊಸ ವಾಷರ್. ಹಳೆಯ ತಾಮ್ರದ ವಾಷರ್ ಕೆಂಪಗೆ ಕಾಯಿಸಿ ಮೆತ್ತಗೆ ಮಾಡುವ ವಿದ್ಯೆ ನಮ್ಮ ಮೇಸ್ತ್ರಿಗಳಿಗೆ ಗೊತ್ತು, ಆದರೆ ಕೆಲವೇ ರೂಪಾಯಿಯ ಸಾಮಾನಿಗೆ ಆ ಜಾಣತನ ಏಕೆ? ಬ್ಯಾಂಜೊ ಬೋಲ್ಟ್ ಒಳಗೆ ಟೊಳ್ಳು, ಅಡ್ಡಕ್ಕೂ ತೂತು, ಗೋಡೆ ತೆಳು. ಲೀಕ್ ಆಗುತ್ತಿದೆ ಎಂದು ಉದ್ದನೆಯ ಹಿಡಿಯಲ್ಲಿ ಎಳೆದರೆ ತಲೆ ಮುರಿದು ಕೈಗೆ ಬರುತ್ತದೆ. ಟಾರ್ಕ್ ಕಾರಿನಿಂದ ಕಾರಿಗೆ ಬೇರೆ, ಬ್ಯಾಂಜೊಗೆ ಸಾಮಾನ್ಯವಾಗಿ 20ರಿಂದ 35 ನ್ಯೂಟನ್ ಮೀಟರ್, ಪೈಪಿನ ನಟ್‌ಗೆ 12ರಿಂದ 18. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಅಂಕಿಯೇ ಅಂತಿಮ.

ಆಯಿಲ್ ಎರಡು ಅರ್ಧ ಲೀಟರ್ ಬಾಟಲಿ ಇಟ್ಟುಕೊಳ್ಳಿ, ಸೀಲ್ ಒಡೆಯದ್ದು. ಮೊನ್ನೆ ಉಳಿದದ್ದು ಬೇಡ. ಡಾಟ್ 3 ಇದ್ದ ಕಡೆ ಡಾಟ್ 4 ಹಾಕಬಹುದು. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಎಬಿಎಸ್ ಕಾರಿಗೆ ಬೇಡ, ಡಾಟ್ 5.1 ಬೇರೆ, ಅದು ಡಾಟ್ 4ರ ಕುಲದ್ದೇ. ಗಾಳಿ ತೆಗೆಯುವಾಗ ಹಳೆಯ ಕಾರಿನ ಪೆಡಲನ್ನು ನೆಲ ಮುಟ್ಟುವ ತನಕ ತುಳಿಯಬೇಡಿ, ಕೆಳಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರ್‌ನ ಸೀಲ್ ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ, ಆಮೇಲೆ ಹೊಸ ಹೋಸ್‌ನ ಮೇಲೆ ಅಪವಾದ. ಬಣ್ಣದ ಮೇಲೆ ಆಯಿಲ್ ಬಿದ್ದರೆ ಕೂಡಲೇ ನೀರು ಸುರಿಯಿರಿ.

ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಒಬ್ಬರು ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಹಚ್ಚಿ ನೋಡಬೇಕು. ಬೆರಳಿಗೆ ತಿಳಿಯದ ಜಿನುಗು ಕಾಗದಕ್ಕೆ ತಿಳಿಯುತ್ತದೆ. ಪೆಡಲ್ ಒತ್ತಿದಂತೆಯೇ ಮೆಲ್ಲಗೆ ಕೆಳಗಿಳಿದರೆ ಗಾಡಿ ಹೊರಗೆ ತೆಗೆಯಬೇಡಿ. ಆಮೇಲೆ ಚಕ್ರ ನೇತಾಡುವಾಗ ಒಮ್ಮೆ, ಸಸ್ಪೆನ್ಷನನ್ನು ಜಾಕ್‌ನಿಂದ ಮೇಲೆತ್ತಿ ಒಮ್ಮೆ, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಯಾವ ಸ್ಥಿತಿಯಲ್ಲೂ ಹೋಸ್ ತಂತಿಯಂತೆ ಬಿಗಿಯಬಾರದು, ಟೈರ್, ಸ್ಪ್ರಿಂಗ್, ಡ್ರೈವ್ ಶಾಫ್ಟ್‌ನಿಂದ ಕನಿಷ್ಠ ಎರಡು ಬೆರಳು ದೂರವಿರಬೇಕು. ಬಿಚ್ಚಿದ ಚಕ್ರ ಮತ್ತೆ ಹಾಕಿಯೂ ನೋಡಿ. ಅಗಲದ ಟೈರ್ ಹಾಕಿಸಿದ ಕಾರುಗಳಲ್ಲಿ ತಾಗುವುದು ಆಗಲೇ ಗೊತ್ತಾಗುವುದು. ಮರುದಿನ, ಮತ್ತೆ ನೂರು ಕಿಲೋಮೀಟರ್ ಆದ ಮೇಲೆ ಕಾಗದದ ಪರೀಕ್ಷೆ ಇನ್ನೊಮ್ಮೆ.

ವರ್ಷ ವರ್ಷದ ತಪಾಸಣೆ

ರಬ್ಬರ್ ಹೋಸ್ ಸಾಯುವ ಮೊದಲು ಬಿರುಕು ಬಿಟ್ಟು, ಉಬ್ಬಿ ಸೂಚನೆ ಕೊಡುತ್ತದೆ. ಬ್ರೇಡೆಡ್ ಹೋಸ್ ಅಷ್ಟು ಮಾತಾಳಿ ಅಲ್ಲ, ಹತ್ತಿರದಿಂದ ನೋಡಬೇಕು. ಪ್ರತಿ 10,000 ಕಿಲೋಮೀಟರ್ ಸರ್ವಿಸ್‌ನಲ್ಲಿ, ಕರಾವಳಿಯಲ್ಲಾದರೆ ಮಳೆಗಾಲ ಕಳೆದ ಕೂಡಲೇ ಹೆಚ್ಚುವರಿಯಾಗಿ ಒಮ್ಮೆ, ಚಕ್ರ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿಯಿರಿ.

ಕಾಲರ್ ಪಕ್ಕದ ಮೊದಲ ಸೆಂಟಿಮೀಟರ್‌ನಿಂದ ಶುರುಮಾಡಿ. ಹೊದಿಕೆಯಿಂದ ಸೂಜಿಯಂತೆ ಎಳೆ ಚುಚ್ಚಿ ಹೊರಬಂದಿದೆಯೇ? ಬರಿಗೈ ಸವರಬೇಡಿ, ರಕ್ತ ಬರುತ್ತದೆ. ಹಳೆಯ ಕಾಲುಚೀಲವನ್ನು ಹೋಸ್ ಉದ್ದಕ್ಕೂ ಎಳೆಯಿರಿ, ಸಿಕ್ಕಿಕೊಂಡಲ್ಲಿ ಎಳೆ ತುಂಡಾಗಿದೆ. ಒಂದೇ ಎಳೆಯಾದರೂ ಹೋಸ್ ಬದಲಿಸಿ, ಒಂದು ತುಂಡಾದ ಜಾಗದಲ್ಲಿ ಉಳಿದವು ಸಾಲಿನಲ್ಲಿವೆ. ಹೊದಿಕೆಯ ಕೆಳಗೆ ಗುಳ್ಳೆ ಎದ್ದಿದ್ದರೆ ಅದು ಗಾಳಿಯಲ್ಲ, ಟೆಫ್ಲಾನ್‌ನಿಂದ ಅಥವಾ ಕಾಲರ್‌ನಿಂದ ಜಿನುಗಿದ ಆಯಿಲ್ ಅಲ್ಲಿ ಸಿಕ್ಕಿಬಿದ್ದಿದೆ. ಆ ಕಾರನ್ನು ಓಡಿಸಿಕೊಂಡು ಗ್ಯಾರೇಜ್‌ಗೂ ಹೋಗಬೇಡಿ. ಸಣ್ಣ ಕಾರುಗಳಲ್ಲಿ ಬ್ರೇಕ್ ಎರಡು ಕರ್ಣಗಳಾಗಿ ಹಂಚಿರುತ್ತದೆ. ಒಂದು ಹೋಸ್ ಹೋದರೆ ಅದರ ಕರ್ಣದ ಎರಡೂ ಚಕ್ರಕ್ಕೆ ಬ್ರೇಕ್ ಇಲ್ಲ, ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ.

ಹೊಸದಿದ್ದಾಗಲೇ ಕಾಲರ್ ಮತ್ತು ಹೋಸ್ ಎರಡರ ಮೇಲೂ ಹಾಯುವಂತೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಈಗ ಉಪಯೋಗಕ್ಕೆ ಬರುತ್ತದೆ. ಗೆರೆ ಒಡೆದು ಪಕ್ಕಕ್ಕೆ ಸರಿದಿದ್ದರೆ ಕಾಲರ್ ಜಾರಿದೆ. ಹೊದಿಕೆ ಹಳದಿಯಾದದ್ದಕ್ಕೆ ಹೆದರಬೇಕಿಲ್ಲ, ಬಿಸಿಲು ಬಿಸಿ ಎರಡಕ್ಕೂ ಹಾಗಾಗುತ್ತದೆ. ಹೊದಿಕೆ ಸೀಳಿ ಒಳಗೆ ಕೆಸರು ಕಪ್ಪಗೆ ಕೂತಿದ್ದರೆ ಬದಲಿಸುವ ಕಾಲ ಬಂದಿದೆ. ಸ್ಟೇನ್‌ಲೆಸ್ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ಮೇಲ್ಮೈಯದು, ಒರೆಸಿದರೆ ಹೋಗುತ್ತದೆ. ಕಾಲರ್ ಅಂಚಿನ ಸಂದಿನಲ್ಲಿ ತುಕ್ಕು ಒಸರುತ್ತಿದ್ದರೆ ಹಾಗಲ್ಲ. ಉಪ್ಪು ನೀರು ಸಂದಿನಲ್ಲಿ ನಿಂತರೆ 304 ಕೂಡ ತಿನ್ನಿಸಿಕೊಳ್ಳುತ್ತದೆ.

ಅಂಡರ್‌ಕೋಟಿಂಗ್ ಮಾಡಿಸುವವರು ಹೋಸ್‌ಗೆ ಮೊದಲೇ ಪ್ಲಾಸ್ಟಿಕ್ ಸುತ್ತಿಸಿ. ಟಾರ್ ಬಳಿದ ಹೋಸ್‌ನಲ್ಲಿ ಮೇಲೆ ಹೇಳಿದ ಯಾವುದೂ ಕಾಣುವುದಿಲ್ಲ.

ಗುಡ್‌ರಿಜ್, ಹೆಲ್ ಥರದವರು ಜೀವಮಾನದ ವಾರಂಟಿ ಕೊಡುತ್ತಾರೆ. ಆ ವಾರಂಟಿ ಹೊಸ ಹೋಸ್ ಕೊಡುತ್ತದೆ, ನಿಲ್ಲದ ಕಾರನ್ನು ನಿಲ್ಲಿಸುವುದಿಲ್ಲ. ಆರು ವರ್ಷ ದಾಟಿದ ಮೇಲೆ, ನೋಡಲು ಚೆನ್ನಾಗಿದ್ದರೂ, ಮುಂದಿನ ಎರಡನ್ನಾದರೂ ಬದಲಿಸುವುದು ಒಳ್ಳೆಯದು. ಹಿಂದಿನವು ಅಷ್ಟು ಬಾಗುವುದಿಲ್ಲ, ಹೆಚ್ಚು ಬಾಳುತ್ತವೆ.

ಕೊಳ್ಳಬೇಕಾದವರು ಯಾರು ಎಂದರೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ಗೆ ಹೋಗುವವರು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಕಲ್ಲುದಾರಿಯಲ್ಲಿ ದಿನಾ ಓಡಾಡುವವರು, ಇಲಿ ಒಮ್ಮೆ ವೈರ್ ಕಡಿದು ರುಚಿ ಕಂಡ ಮನೆಯವರು. ಉಳಿದವರು, ಅದರಲ್ಲೂ ಸರ್ವಿಸ್‌ನಲ್ಲಿ ಕಾರಿನ ಅಡಿ ನೋಡುವ ಮೆಕ್ಯಾನಿಕ್ ಸಿಗದವರು, ಎಚ್‌ಎಲ್ ಎಂದು ಅಚ್ಚಿರುವ ಒರಿಜಿನಲ್ ರಬ್ಬರ್ ಹೋಸ್ ನಾಲ್ಕು, ತಾಮ್ರದ ವಾಷರ್, ಒಂದು ಲೀಟರ್ ಡಾಟ್ 4 ಕೊಂಡರೆ ಕಿಟ್‌ನ ಸಣ್ಣ ಪಾಲಿನ ಖರ್ಚಿನಲ್ಲಿ ಕೆಲಸ ಆಗುತ್ತದೆ.